ಆಡಿ ಗಾಳಿಯ ಪಾಸ್‌ಬುಕ್ಕು

ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ಮಗ್ಗದ ಶೆಡ್ಡಿನೊಳಗೆ ಕೂತು ಮಾತಾಡಬೇಕೆಂದರೆ, ಲೈನು ನೋಡಲೆಂದು ಇ.ಬಿ.ಯವರು (ವಿದ್ಯುತ್ ಮಂಡಳಿ) ತಿಂಗಳಿಗೊಮ್ಮೆ ಕರೆಂಟು ತೆಗೆಯುವ ದಿನಕ್ಕೇ ಕಾಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ಸಂಜೆ ನಾಲ್ಕಕ್ಕೆ. ಉಳಿದ ದಿನವೆಲ್ಲ ಎಂಟು ಮಗ್ಗದ ಸದ್ದಿನ ನಡುವೆ ಕೈಸನ್ನೆಯೇ ಮಾತು. ಇದು ತಮಿಳರ ಆಡಿ ತಿಂಗಳಿನ ಅಂಥದೊಂದು ದಿನ. ಮಾವ ಕೂಲಿಗೆ ನೇಯುವವರು. ದೇವಾಂಗರ ಮನೆ, ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು, ಓದು ಬರಹವೂ ತಮಿಳಿನಲ್ಲೇ. ಸೊಸೆ ಅವರ ಅಕ್ಕನ ಮಗಳು. ಬೆಂಗಳೂರಿನಲ್ಲಿ ಸೋಲಾರು, ಗಾಳಿ ಯೋಜನೆಗಳಿಗೆ ಸಾಲ ಕೊಡುವ ಕಂಪನಿಯೊಂದರಲ್ಲಿ ಕೆಲಸ. ಹಬ್ಬಕ್ಕೆ ಬಂದವಳು ಎರಡು ದಿನ ಉಳಿದುಕೊಂಡಿದ್ದಾಳೆ.

ಸೊಸೆ: ತಮಾಷೆ ನೋಡಿ ಮಾವ. ಹೊರಗೆ ಒಗೆದ ಸೀರೆ ತಂತಿಯ ಮೇಲೆ ನಿಲ್ಲದಷ್ಟು ಗಾಳಿ. ಒಳಗೆ ಒಂದು ಬಲ್ಬು ಉರಿಯುತ್ತಿಲ್ಲ.

ಮಾವ: ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಅನ್ನುತ್ತಾರೆ ತಮಿಳರು. ಹಾರಲಿ. ನಮ್ಮ ಲಾಳಿ ಮಾತ್ರ ಅದರಿಂದ ಹಾರುವುದಿಲ್ಲ. ಆ ಗಾಳಿ ನಮ್ಮದಲ್ಲ ಅಮ್ಮಿಣಿ.

ಸೊಸೆ: ಗಾಳಿಗೆ ಒಡೆಯರು ಎಲ್ಲಿಂದ ಬಂದರು?

ಮಾವ: ಪಲ್ಲಡಂ ದಾಟಿ ದಕ್ಷಿಣಕ್ಕೆ ಹೋಗಿ ನೋಡು. ಕೇತನೂರು, ಪೂಳವಾಡಿ, ಉಡುಮಲೈ ಕಡೆ ತೆಂಗಿನ ತೋಪಿನ ತಲೆಯ ಮೇಲೆ ಕಾತ್ತಾಡಿಗಳು, ಅದೇ ಗಾಳಿಯಂತ್ರಗಳು, ನಿಂತಿವೆ. ಅವುಗಳಲ್ಲಿ ಎಷ್ಟೋ ನೂಲಿನ ಮಿಲ್ಲಿನವರದು, ಬನಿಯನ್ ಕಂಪನಿಯವರದು. ಗಾಳಿಗೆ ಅಲ್ಲಿ ರೆಕ್ಕೆ ತಿರುಗುತ್ತದೆ, ಇಲ್ಲಿ ಅವರ ಬಿಲ್ಲಿನಲ್ಲಿ ಯೂನಿಟ್ಟು ಕಳೆಯುತ್ತದೆ. ಅದು ಹೇಗೆ ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನೀನು ಓದಿದವಳು, ಹೇಳು.

ಸೊಸೆ: ಅಲ್ಲಿ ಹುಟ್ಟಿದ ಕರೆಂಟೇ ತಂತಿ ಹಿಡಿದು ಅವರ ಮಿಲ್ಲಿಗೆ ನಡೆದು ಬರುತ್ತದೆ ಅಂತೇನಿಲ್ಲ. ಊರ ಕೆರೆಗೆ ಒಂದು ಕಡೆ ನೀರು ಸುರಿದು ಇನ್ನೊಂದು ಕಡೆ ಅಷ್ಟೇ ಮೊಗೆದುಕೊಂಡ ಹಾಗೆ. ಕೆರೆ ಇ.ಬಿ.ಯದು. ಸುರಿದದ್ದಕ್ಕೊಂದು ಮೀಟರು, ಮೊಗೆದದ್ದಕ್ಕೊಂದು ಮೀಟರು, ಕೆರೆ ಬಳಸಿದ್ದಕ್ಕೆ ಶುಲ್ಕ. ಇದನ್ನು ವೀಲಿಂಗ್ ಅನ್ನುತ್ತಾರೆ. ಹಳೆಯ ಕಾತ್ತಾಡಿಗಳಿಗೆ ಇನ್ನೊಂದು ಅನುಕೂಲವೂ ಇದೆ. ಆಡಿಯಲ್ಲಿ ಹೆಚ್ಚಾಗಿ ಬಂದ ಯೂನಿಟ್ಟನ್ನು ಜಮಾ ಇಟ್ಟು ಮಾರ್ಚ್‌ವರೆಗೂ ತೆಗೆದುಕೊಳ್ಳಬಹುದು. ಇದು ಬ್ಯಾಂಕಿಂಗ್.

ಮಾವ: ಗಾಳಿಗೂ ಪಾಸ್‌ಬುಕ್ಕು!

ಸೊಸೆ: ಹೌದು. ಇಲ್ಲಿನ ಗಾಳಿಯ ಸ್ವಭಾವಕ್ಕೆ ಆ ಪಾಸ್‌ಬುಕ್ಕು ಬೇಕೇ ಬೇಕು. ಸಹ್ಯಾದ್ರಿಯ ಗೋಡೆಗೆ ಪಾಲಕ್ಕಾಡಿನ ಹತ್ತಿರ ಸುಮಾರು 30 ಕಿಲೋಮೀಟರ್ ಅಗಲದ ಬಾಗಿಲು ಇದೆಯಲ್ಲ, ಮುಂಗಾರಿನ ಗಾಳಿ ಮಳೆಯನ್ನು ಕೇರಳದಲ್ಲಿ ಇಳಿಸಿ ಅದರೊಳಗಿಂದ ನುಗ್ಗುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸುಗ್ಗಿ, ಆಮೇಲೆ ಬರ. ತಮಿಳುನಾಡಿನಲ್ಲಿ 1986ರಲ್ಲಿ ತೂತ್ತುಕುಡಿಯ ಕಡೆ ಕೆಲವು ಯಂತ್ರ ನಿಲ್ಲಿಸಿ ನೋಡಿದ್ದು, ಈಗ 10,000 ಮೆಗಾವ್ಯಾಟ್ ದಾಟಿದೆ. ದೇಶದಲ್ಲಿ ಬಹಳ ವರ್ಷ ಮೊದಲ ಸ್ಥಾನ ಈ ರಾಜ್ಯದ್ದೇ ಆಗಿತ್ತು.

ಮಾವ: ಬಾಗಿಲು ದೇವರು ಇಟ್ಟದ್ದು, ಬೀಗ ಮಿಲ್ಲಿನವರು ಹಾಕಿದ್ದು ಅನ್ನು.

ಸೊಸೆ: ಅವರನ್ನು ಕಳ್ಳರ ಹಾಗೆ ಹೇಳಬೇಡಿ ಮಾವ. ತೊಂಬತ್ತರ ದಶಕದಲ್ಲಿ ಸರ್ಕಾರವೇ ಕರೆದಿತ್ತು. ಕಾತ್ತಾಡಿಗೆ ಹಾಕಿದ ಹಣವನ್ನು ಮೊದಲ ವರ್ಷವೇ ಪೂರ್ತಿ ಸವಕಳಿ ಎಂದು ತೋರಿಸಿ, ಲಾಭದಲ್ಲಿ ಕಳೆದು ತೆರಿಗೆ ಉಳಿಸಬಹುದಿತ್ತು. ಕೊಯಮತ್ತೂರಿನ ಮಿಲ್ಲುಗಳು ಹಣ ಹಾಕಿದ್ದು ಅದಕ್ಕೆ. ಸೂರತ್‌ನಲ್ಲಿ ತುಲಸಿ ತಾಂತಿ ಅಂತ ಒಬ್ಬರಿದ್ದರು, ನಿಮ್ಮ ಹಾಗೆ ಬಟ್ಟೆ ವ್ಯಾಪಾರದವರೇ. ಕರೆಂಟು ಬಿಲ್ಲು ತಾಳಲಾರದೆ ಎರಡು ಗಾಳಿಯಂತ್ರ ಕೊಂಡರು. 1995ರಲ್ಲಿ ಗಾಳಿಯಂತ್ರ ಮಾಡುವ ಕಂಪನಿಯನ್ನೇ ತೆರೆದರು. ಅದೇ ಸುಜ್ಲಾನ್.

ಮಾವ: ನನ್ನ ಹಾಗೆ ಬಟ್ಟೆಯವರು ಅಂದೆಯಲ್ಲ, ಅಲ್ಲೊಂದು ತಪ್ಪಾಯಿತು. ನಾನು ಬಟ್ಟೆಯವನಲ್ಲ. ನೂಲು ಯಜಮಾನನದು. ಅವನು ಹಾಸಿನ ಬೀಮು, ಹೊಕ್ಕಿನ ನೂಲು ಕಳಿಸುತ್ತಾನೆ, ನಾನು ಬಣ್ಣ ಹಾಕದ ಕಾಡಾ ಬಟ್ಟೆ ನೇಯ್ದು ಕಳಿಸುತ್ತೇನೆ. ಕೂಲಿಯ ಲೆಕ್ಕ ಪಿಕ್ಕಿನ ಮೇಲೆ, ಹಾಯಿಸಿದ ಹೊಕ್ಕಿನ ಎಳೆಗಿಷ್ಟು ಅಂತ. ಬಟ್ಟೆಯ ಬೆಲೆ ಎಷ್ಟು ಏರಲಿ ನನಗದು ತಲುಪುವುದಿಲ್ಲ. ಕರೆಂಟಿನ ಬೆಲೆ ಏರಿದರೆ ಮಾತ್ರ ನೇರ ನನಗೇ. ಮಗ್ಗ ನನ್ನದು, ಬಿಲ್ಲು ನನ್ನದು, ಬೆನ್ನು ನನ್ನದು. 2025ರಲ್ಲಿ ಒಂದು ತಿಂಗಳು ಮಗ್ಗ ನಿಲ್ಲಿಸಿ ಕೂತಿದ್ದು ಯಾಕೆ ಅಂದುಕೊಂಡೆ? 2022ರ ಸೆಪ್ಟೆಂಬರ್‌ನಲ್ಲಿ ದರ ಏರಿತು. ಕೂಲಿ ಏರಬೇಕಲ್ಲ?

ಸೊಸೆ: ಸಾವಿರ ಯೂನಿಟ್ಟು ಉಚಿತ ಇದೆಯಲ್ಲ ನಿಮಗೆ.

ಮಾವ: ಇದೆ. ಮೊದಲು 500 ಇತ್ತು, 2016ರಲ್ಲಿ 750 ಮಾಡಿದರು, 2023ರಲ್ಲಿ 1,000. ಎರಡು ತಿಂಗಳಿಗೆ. ನನ್ನ ಎಂಟು ಮಗ್ಗ ಎರಡು ತಿಂಗಳಿಗೆ ಎರಡೂವರೆ ಸಾವಿರ ತಿನ್ನುತ್ತವೆ. ಉಳಿದ ಒಂದೂವರೆ ಸಾವಿರಕ್ಕೆ ದುಡ್ಡು. ಉಚಿತ ಅಂತ ನೀನು ಮೂಗು ಮುರಿಯುತ್ತೀಯ, ಗೊತ್ತು. ಬೆಂಗಳೂರಿನವರೆಲ್ಲ ಮುರಿಯುತ್ತಾರೆ. ಆ ಸಾವಿರ ಇಲ್ಲದಿದ್ದರೆ ಈ ಶೆಡ್ಡು ಎಂದೋ ಹಳೆಯ ಕಬ್ಬಿಣದ ಅಂಗಡಿಗೆ ಹೋಗುತ್ತಿತ್ತು.

ಸೊಸೆ: ಮೂಗು ಮುರಿಯುವುದಲ್ಲ. ಆದರೆ ಉಚಿತ ಕರೆಂಟು ಇರುವವರು ಚಾವಣಿಯ ಮೇಲೆ ಸೋಲಾರು ಹಾಕುವುದಿಲ್ಲ. ನೀವೇ ಹಾಕಲಿಲ್ಲ. ಪುಕ್ಕಟೆ ಸಿಗುವ ಆ ಕರೆಂಟಿನಲ್ಲಿ ಬಹುಪಾಲು ಕಲ್ಲಿದ್ದಲಿನದು. ಅದರ ಸಾಲ ಇ.ಬಿ.ಯ ಪುಸ್ತಕದಲ್ಲಿ ಬೆಳೆಯುತ್ತಿರುತ್ತದೆ. ಸಾಲದಲ್ಲಿ ಮುಳುಗಿದ ಇ.ಬಿ. ಹೊಸ ಲೈನು ಎಳೆಯಲಾರದು, ಗಾಳಿಯವರ ಹಣವನ್ನೂ ಸಮಯಕ್ಕೆ ಕೊಡಲಾರದು.

ಮಾವ: ನನ್ನ ಸಾವಿರ ಯೂನಿಟ್ಟಿನಿಂದ ಇ.ಬಿ. ಮುಳುಗಿತೇ?

ಸೊಸೆ: ಒಬ್ಬರದರಿಂದ ಅಲ್ಲ.

ಮಾವ: ಹಾಗಾದರೆ ಒಬ್ಬನನ್ನು ಕೇಳಬೇಡ. ಚಾವಣಿ ನೋಡು. ಸಿಮೆಂಟ್ ಶೀಟು. ಬೆಕ್ಕು ಓಡಿದರೆ ಬಿರುಕು ಬಿಡುತ್ತದೆ. ಇದರ ಮೇಲೆ ನಿನ್ನ ಪ್ಯಾನಲು ಕೂರಿಸಿದರೆ ಆಡಿಯಲ್ಲಿ ಅದು ಪಾಲಕ್ಕಾಡಿಗೆ ವಾಪಸ್ಸು ಹಾರುತ್ತದೆ.

ಸೊಸೆ: ಗಾಳಿ ಪಾಲಕ್ಕಾಡಿನಿಂದ ಬರುವುದು ಮಾವ. ಹಾರಿದರೆ ಕಾಂಗೇಯಂ ಕಡೆ ಹೋಗುತ್ತದೆ.

ಮಾವ: ಎಲ್ಲಿಗೋ. ನನಗೆ ವಾಪಸ್ಸು ಬರುವುದಿಲ್ಲ. ಕಬ್ಬಿಣದ ಕಂಬ, ತೊಲೆ ಹಾಕಿಸಬೇಕು, ಅದಕ್ಕೊಂದು ಲಕ್ಷ. ಪ್ಯಾನಲಿಗೆಷ್ಟು?

ಸೊಸೆ: ಆರು ಕಿಲೋವ್ಯಾಟಿಗೆ ಮೂರು, ಮೂರೂವರೆ ಲಕ್ಷ. ಎರಡು ತಿಂಗಳಿಗೆ ಸಾವಿರದ ನಾನೂರು ಯೂನಿಟ್ಟಿನವರೆಗೆ ಬರಬಹುದು. ನೀವು ದುಡ್ಡು ಕೊಡುವ ಒಂದೂವರೆ ಸಾವಿರಕ್ಕೆ ಹತ್ತಿರ ಹತ್ತಿರ. 2017ರ ಏಪ್ರಿಲ್‌ನಲ್ಲಿ ಕೇಂದ್ರದವರು ಪವರ್‌ಟೆಕ್ಸ್ ಇಂಡಿಯಾ ಅಂತ ಯೋಜನೆ ತಂದಿದ್ದರಲ್ಲ, ಸಣ್ಣ ಶೆಡ್ಡುಗಳ ಸೋಲಾರಿಗೆ ಅರ್ಧ ಹಣ ಸಬ್ಸಿಡಿ. ಆಗ ಯಾಕೆ ಹಾಕಲಿಲ್ಲ?

ಮಾವ: ಅರ್ಧ ಅವರು ಕೊಡುತ್ತಾರೆ, ಇನ್ನರ್ಧ? ಮೊದಲು ಪೂರ್ತಿ ಹಾಕು, ಆಮೇಲೆ ಅರ್ಧ ಬರುತ್ತದೆ ಅಂದರು. ನಾನು ಬ್ಯಾಂಕಿಗೆ ಹೋಗಿದ್ದೆ. ಯಾವ ಬ್ಯಾಂಕು ಅಂತ ಕೇಳಬೇಡ. ಅವರು ಮಗ್ಗ ಎಷ್ಟು ವರ್ಷ ಹಳೆಯದು ಅಂದರು. ಮೂವತ್ತು ವರ್ಷ ಅಂದೆ. ಅಷ್ಟು ಹಳೆಯ ಮಗ್ಗಕ್ಕೆ ಸಾಲ ಇಲ್ಲ ಅಂದರು. ಸಾಲ ಮಗ್ಗಕ್ಕಲ್ಲ ಸ್ವಾಮಿ, ಸೂರ್ಯನಿಗೆ ಅಂದೆ. ಸೂರ್ಯ ಇನ್ನೂ ಹಳೆಯವನು ಅಂತ ಅವರೇ ಹೇಳಿದ್ದರೂ ಹೇಳಿರಬಹುದು, ನಾನು ಎದ್ದು ಬಂದೆ.

ಸೊಸೆ: ಈಗ ಇನ್ನೊಂದು ಬಂದಿದೆ. 2024ರ ಫೆಬ್ರವರಿಯಿಂದ ಪಿ.ಎಂ. ಸೂರ್ಯ ಘರ್. ಮೂರು ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ. ಆದರೆ ಮನೆಯ ಮೀಟರಿಗೆ ಮಾತ್ರ.

ಮಾವ: ಅಂದರೆ ನಿನ್ನ ಅತ್ತೆಯ ಟಿ.ವಿ.ಗೆ ಸೂರ್ಯ, ನನ್ನ ಮಗ್ಗಕ್ಕೆ ಕಲ್ಲಿದ್ದಲು. ಒಂದೇ ಗೋಡೆ ಕಣೇ ನಡುವೆ! ಈ ಕಡೆ ಮಗ್ಗ, ಆ ಕಡೆ ಅಡಿಗೆಮನೆ. ಗೋಡೆಯ ಯಾವ ಮಗ್ಗುಲಲ್ಲಿ ಮೀಟರು ಇದೆ ಅನ್ನುವುದರ ಮೇಲೆ ಸೂರ್ಯ ಹುಟ್ಟುತ್ತಾನೆ.

ಸೊಸೆ: (ನಕ್ಕು) ಇದನ್ನು ನಮ್ಮ ಆಫೀಸಿನಲ್ಲಿ ಹೇಳುತ್ತೇನೆ.

ಮಾವ: ಹೇಳು. ಆದರೆ ನಮ್ಮ ಕನ್ನಡದಲ್ಲಿ ಹೇಳಬೇಡ, ನಗುತ್ತಾರೆ. ಒಂದು ಮಾತು ಹೇಳಲಾ? ನೀವೆಲ್ಲ ಇದನ್ನು ಹೊಸದು ಅನ್ನುವ ಹಾಗೆ ಮಾತಾಡುತ್ತೀರಿ. ನಿನ್ನ ಮುತ್ತಜ್ಜ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯ್ದವರು. ಅವರ ಮಗ್ಗಕ್ಕೆ ಇಂಧನ ಸಜ್ಜೆ ಗಂಜಿ. ಹೊಗೆಯಿಲ್ಲ, ಬೂದಿಯಿಲ್ಲ.

ಸೊಸೆ: ಆಮೇಲೆ ಕೊಯಮತ್ತೂರಿಗೆ ಬಂದ ಕರೆಂಟೂ ಹೊಗೆಯದಲ್ಲ. 1932ರಲ್ಲಿ ನೀಲಗಿರಿಯ ಪೈಕಾರಾ, 1937ರಲ್ಲಿ ಮೆಟ್ಟೂರು. ಎರಡೂ ನೀರು. ಆ ಅಗ್ಗದ ನೀರಿನ ಕರೆಂಟು ಸಿಕ್ಕಿದ್ದರಿಂದಲೇ ಮೂವತ್ತರ ದಶಕದಲ್ಲಿ ಕೊಯಮತ್ತೂರಿನ ಸುತ್ತ ಮಿಲ್ಲುಗಳು ಸಾಲಾಗಿ ಎದ್ದದ್ದು, ತೋಟದ ಬಾವಿಗೆ ಮೋಟಾರು ಇಳಿದದ್ದು. ನಮ್ಮ ಕಡೆ ಇನ್ನೂ ಮೊದಲು, 1902ರಲ್ಲೇ ಶಿವನಸಮುದ್ರದ ನೀರು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿತು.

ಮಾವ: ಹಾಗಾದರೆ ನಾವು ಹಸಿರಾಗಿಯೇ ಇದ್ದೆವು. ನಡುವೆ ಕಪ್ಪಾದದ್ದು.

ಸೊಸೆ: ಬೇಡಿಕೆ ಬೆಳೆಯಿತು, ನೀರು ಸಾಲಲಿಲ್ಲ. 1962ರಲ್ಲಿ ನೈವೇಲಿಯ ಲಿಗ್ನೈಟು, ಆಮೇಲೆ ಎಣ್ಣೂರು, ಮೆಟ್ಟೂರಿನ ಕಲ್ಲಿದ್ದಲ ಸ್ಥಾವರಗಳು. ಇವತ್ತು ಒಡಿಶಾದ ತಾಲ್ಚೇರಿನಲ್ಲಿ ಅಗೆದ ಕಲ್ಲಿದ್ದಲು ರೈಲು ಹತ್ತಿ ಪಾರಾದೀಪಕ್ಕೆ ಬಂದು, ಹಡಗು ಹತ್ತಿ ಎಣ್ಣೂರಿಗೆ ಬಂದು, ಉರಿದು, ತಂತಿ ಹಿಡಿದು ನಿಮ್ಮ ಶೆಡ್ಡಿಗೆ ಬರುತ್ತದೆ. ಗಾಳಿ ಅಂದರೆ ನಿಮ್ಮ ಬಾಗಿಲಲ್ಲೇ ಇದೆ.

ಮಾವ: ಬಾಗಿಲಲ್ಲಿ ಇದ್ದದ್ದೆಲ್ಲ ಸಿಗುತ್ತದೆಯೇ? 2012ರ ಸುಮಾರಿಗೆ ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಕರೆಂಟಿಲ್ಲ. ಗಂಟೆಗೊಮ್ಮೆ ಹೋಗುವುದು, ಗಂಟೆಗೊಮ್ಮೆ ಬರುವುದು. ಬಂದಾಗ ರಾತ್ರಿ ಎರಡಾದರೂ ಎದ್ದು ಮಗ್ಗ ಹಾಕುತ್ತಿದ್ದೆವು. ಮಿಲ್ಲಿನವರು ಡೀಸೆಲ್ ಜನರೇಟರ್ ಇಟ್ಟರು. ಕೂಲಿ ನೇಕಾರ ಡೀಸೆಲ್ ಸುಟ್ಟು ನೇಯ್ದರೆ ಕೈಗೆ ಬರುವ ಕೂಲಿಗಿಂತ ಡೀಸೆಲ್ಲೇ ಹೆಚ್ಚು. ಆ ವರ್ಷ ಮಗ್ಗವನ್ನು ತೂಕಕ್ಕೆ ಹಾಕಿದವರು ನನ್ನ ಬೀದಿಯಲ್ಲೇ ಮೂವರು. ಅದೇ ಹೊತ್ತಿನಲ್ಲಿ ಕೇತನೂರಿನ ಕಡೆ ಗಾಳಿ ಇದ್ದೂ ಕೆಲವು ಕಾತ್ತಾಡಿ ನಿಲ್ಲಿಸಿದ್ದಾರೆ ಅಂತ ಕೇಳಿದೆವು. ನಂಬಲಿಲ್ಲ.

ಸೊಸೆ: ನಂಬಬೇಕಾದದ್ದೇ. ಕಾತ್ತಾಡಿ ಎದ್ದಷ್ಟು ಬೇಗ ಲೈನು ಏಳಲಿಲ್ಲ. ಕೆರೆಗೆ ನೀರು ತರುವ ಕಾಲುವೆ ಕಿರಿದು, ಮಳೆ ಜೋರು. ಗಾಳಿ ಹೆಚ್ಚಾದ ರಾತ್ರಿ ಇ.ಬಿ.ಯವರೇ ನಿಲ್ಲಿಸಿ ಎನ್ನುತ್ತಿದ್ದರು. ಇದು ಇಲ್ಲಿನ ಕಥೆ ಮಾತ್ರ ಅಲ್ಲ. ವಿಯೆಟ್ನಾಮಿನಲ್ಲಿ 2019, 2020ರಲ್ಲಿ ಎರಡೇ ವರ್ಷಕ್ಕೆ ಸೋಲಾರು ಹೆಚ್ಚುಕಡಿಮೆ ಸೊನ್ನೆಯಿಂದ 16,000 ಮೆಗಾವ್ಯಾಟಿನಷ್ಟಾಯಿತು. ಜಗತ್ತೇ ಕೈ ತಟ್ಟಿತು. ಲೈನು ತಾಳಲಿಲ್ಲ. ಪ್ಯಾನಲು ಹಾಕಿದವರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಕರೆಂಟು ಬಿಡಬೇಡಿ ಎಂಬ ಆದೇಶ ಬಂತು.

ಮಾವ: ನಮ್ಮ ದೇಶದ್ದು ಈಗ ಅರ್ಧಕ್ಕರ್ಧ ಹಸಿರಾಯಿತು ಅಂತ ಟಿ.ವಿ.ಯಲ್ಲಿ ಬಂತು.

ಸೊಸೆ: 2025ರ ಮಧ್ಯದಲ್ಲಿ ಬಂದದ್ದು. ಅದು ಹಾಕಿಟ್ಟ ಯಂತ್ರಗಳ ಲೆಕ್ಕ. ಹುಟ್ಟುವ ಯೂನಿಟ್ಟಿನ ಲೆಕ್ಕ ಹಿಡಿದರೆ ಇವತ್ತಿಗೂ ಮುಕ್ಕಾಲು ಪಾಲಿನ ಹತ್ತಿರ ಕಲ್ಲಿದ್ದಲೇ. ಶೆಡ್ಡಿನಲ್ಲಿ ಎಂಟು ಮಗ್ಗ ಇದೆ ಅನ್ನುವುದೂ ಎಂಟು ಮಗ್ಗ ಓಡುತ್ತಿದೆ ಅನ್ನುವುದೂ ಒಂದೇ ಅಲ್ಲವಲ್ಲ. ಸೂರ್ಯ ರಾತ್ರಿ ಪಾಳಿಗೆ ಬರುವುದಿಲ್ಲ. ಗಾಳಿ ಐದು ತಿಂಗಳಿನ ಆಳು. ಅದಕ್ಕೇ ನೀಲಗಿರಿಯ ಕುಂದಾದಲ್ಲಿ 500 ಮೆಗಾವ್ಯಾಟಿನ ಏರ್ಪಾಡು ಮಾಡುತ್ತಿರುವುದು. ಕರೆಂಟು ಹೆಚ್ಚಾದಾಗ ನೀರನ್ನು ಮೇಲಿನ ಕೆರೆಗೆ ಏರಿಸುವುದು, ಬೇಕಾದಾಗ ಬೀಳಿಸುವುದು.

ಮಾವ: ಅದು ದೊಡ್ಡ ಪಾಸ್‌ಬುಕ್ಕು.

ಸೊಸೆ: ಸರಿಯಾಗಿ ಹೇಳಿದಿರಿ.

ಮಾವ: ಅಲ್ಲ, ನನಗೊಂದು ಅರ್ಥವಾಗುವುದಿಲ್ಲ. ಸೂರ್ಯ ಪುಕ್ಕಟೆ, ಗಾಳಿ ಪುಕ್ಕಟೆ. ಕಲ್ಲಿದ್ದಲಿಗೆ ದುಡ್ಡು. ಬಡ ದೇಶಗಳೇ ಮೊದಲು ಈ ಪುಕ್ಕಟೆಗೆ ಓಡಬೇಕಿತ್ತಲ್ಲ? ಯಾಕೆ ಓಡಲಿಲ್ಲ?

ಸೊಸೆ: ನನ್ನ ಕೆಲಸವೇ ಅದು ಮಾವ. ಕಲ್ಲಿದ್ದಲು ಅಂದರೆ ದಿನದ ದಿನಸಿ. ಇವತ್ತು ಉರಿಸುವುದಕ್ಕೆ ಇವತ್ತು ಕೊಟ್ಟರಾಯಿತು. ಸೂರ್ಯ, ಗಾಳಿ ಹಾಗಲ್ಲ. ಇಪ್ಪತ್ತೈದು ವರ್ಷದ ದಿನಸಿಯನ್ನು ಮೊದಲ ದಿನವೇ ಕೊಂಡು ಅಟ್ಟದ ಮೇಲೆ ಇಟ್ಟ ಹಾಗೆ. ಆಮೇಲೆ ಖರ್ಚಿಲ್ಲ, ನಿಜ. ಆದರೆ ಆ ಮೊದಲ ದಿನದ ಗಂಟು ಸಾಲದ್ದು. ಹಾಗಾಗಿ ಸೋಲಾರು ಯೂನಿಟ್ಟಿನ ಬೆಲೆ ತೀರ್ಮಾನವಾಗುವುದು ಬಿಸಿಲಿನಿಂದ ಅಲ್ಲ, ಬಡ್ಡಿಯಿಂದ. ಜರ್ಮನಿಯಲ್ಲಿ ಬಿಸಿಲು ಕಡಿಮೆ, ಬಡ್ಡಿಯೂ ಕಡಿಮೆ. ಆಫ್ರಿಕಾದಲ್ಲಿ ಬಿಸಿಲು ಸುರಿಯುತ್ತದೆ, ಬಡ್ಡಿ ಜರ್ಮನಿಯದರ ಎರಡು ಮೂರು ಪಟ್ಟು. ಬಡವನಿಗೆ ಸಾಲ ಕೊಡುವುದು ಅಪಾಯ ಅಂತ ಬಡ್ಡಿ ಹೆಚ್ಚು. ಬಡ್ಡಿ ಹೆಚ್ಚಾದ್ದರಿಂದ ಅವನು ಮತ್ತೆ ದಿನದಿನದ ಕಲ್ಲಿದ್ದಲಿಗೇ ಹೋಗುತ್ತಾನೆ.

ಮಾವ: ಅಕ್ಕಿ ಮೂಟೆ ಕೊಳ್ಳಲಾರದವನು ಅಂಗಡಿಯಲ್ಲಿ ಕಾಲು ಕಿಲೋ ಕೊಂಡು, ಕೊನೆಗೆ ಹೆಚ್ಚು ದುಡ್ಡು ಕೊಟ್ಟ ಹಾಗೆ.

ಸೊಸೆ: ಅದೇ. 2021ರಲ್ಲಿ ಗ್ಲಾಸ್ಗೋದಲ್ಲಿ ಹವಾಮಾನದ ಸಭೆ ನಡೆಯಿತಲ್ಲ, ಹೊಗೆಯ ಲೆಕ್ಕ ಸೊನ್ನೆಗೆ ತರಲು ನಮ್ಮ ಪ್ರಧಾನಿ 2070ರ ಗಡುವು ಹೇಳಿದ್ದು ಅಲ್ಲೇ. ಆಗಲೇ ಶ್ರೀಮಂತ ದೇಶಗಳು ದಕ್ಷಿಣ ಆಫ್ರಿಕಾಕ್ಕೆ ಕಲ್ಲಿದ್ದಲು ಬಿಡಲು 850 ಕೋಟಿ ಡಾಲರ್ ಅಂದವು. ಬಿಚ್ಚಿ ನೋಡಿದರೆ ಬಹುಪಾಲು ಸಾಲ. 2022ರ ಅಕ್ಟೋಬರ್‌ನಲ್ಲಿ ಕೊಮಾಟಿ ಎಂಬಲ್ಲಿನ ಹಳೆಯ ಸ್ಥಾವರ ಮುಚ್ಚಿದರು. ಅದನ್ನೇ ನಂಬಿದ್ದ ಊರಿನ ಅಂಗಡಿಗಳು, ಬಾಡಿಗೆ ಮನೆಗಳು ಖಾಲಿಯಾದವು. 2025ರಲ್ಲಿ ಅಮೆರಿಕ ಆ ಒಪ್ಪಂದದಿಂದಲೇ ಎದ್ದು ಹೋಯಿತು.

ಮಾವ: ಮುಚ್ಚಿದ ಮೇಲೆ ಎದ್ದು ಹೋದರು! ಯಜಮಾನರು ಎಲ್ಲ ಕಡೆ ಒಂದೇ.

ಸೊಸೆ: ನಮ್ಮಲ್ಲಿ ಸದ್ಯಕ್ಕೆ ಮುಚ್ಚುವ ಆತುರವಿಲ್ಲ. ನೈವೇಲಿಯಲ್ಲಿ 2023ರ ಜುಲೈನಲ್ಲಿ ಗಣಿಯ ಕಾಲುವೆಗಾಗಿ ಬೆಳೆದು ನಿಂತ ಭತ್ತದ ಗದ್ದೆಗೇ ಯಂತ್ರ ಇಳಿಸಿದರಲ್ಲ.

ಮಾವ: ನೋಡಿದೆ, ಟಿ.ವಿ.ಯಲ್ಲಿ. ಹಸಿರು ಪೈರಿನ ಮೇಲೆ ಆ ಹಳದಿ ಯಂತ್ರ. ಅವತ್ತು ನಿನ್ನ ಅತ್ತೆ ಊಟ ಮಾಡಲಿಲ್ಲ.

ಸೊಸೆ: ಆದರೆ ಸೋಲಾರಿಗೂ ನೆಲ ಬೇಕು ಮಾವ. ಹೋದ ವರ್ಷ ಪಾವಗಡಕ್ಕೆ ಹೋಗಿದ್ದೆ, ತುಮಕೂರು ಜಿಲ್ಲೆ. 13,000 ಎಕರೆ, 2,050 ಮೆಗಾವ್ಯಾಟು. ತಿರುಮಣಿ, ಬಳಸಮುದ್ರ, ವಳ್ಳೂರು, ಒಟ್ಟು ಐದು ಊರಿನ ಹೊಲ. ಸರ್ಕಾರ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಅಷ್ಟಿಷ್ಟು ಏರಿಕೆ, 28 ವರ್ಷ. ಮಳೆಯಿಲ್ಲದೆ ಕಡಲೆಕಾಯಿ ಒಣಗುತ್ತಿದ್ದ ನೆಲಕ್ಕೆ ಅದು ದೊಡ್ಡ ಮಾತೇ. ಹೊಲ ಇದ್ದವರು ಮನೆ ಕಟ್ಟಿಸಿದ್ದಾರೆ. ನೆಲ ಕೈಬಿಡದೆ ಮಾಡಿದ್ದು, ನಾನು ಮೆಚ್ಚಿದೆ.

ಮಾವ: ಹೊಲ ಇಲ್ಲದವರು?

ಸೊಸೆ: ಅವರ ಕೂಲಿ ಹೋಯಿತು. ಪ್ಯಾನಲಿಗೆ ಕಳೆ ಕೀಳಬೇಕಿಲ್ಲ, ಕೊಯ್ಲಿಲ್ಲ. ಗಾಜು ಒರೆಸುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ. ಕುರಿ ಮೇಯಿಸುವವರಿಗೆ ಬೇಲಿ. ಒಬ್ಬ ಅಜ್ಜಿ ನನ್ನನ್ನು ಕೇಳಿದಳು: ಈ ಕನ್ನಡಿಯೊಳಗೆ ಬೀಳುವ ಬಿಸಿಲು ಯಾರದಮ್ಮ ಅಂತ. ನಾನು ಏನೋ ತಾಂತ್ರಿಕವಾಗಿ ಹೇಳಿದೆ.

ಮಾವ: ತಪ್ಪು ಹೇಳಿದೆ.

ಸೊಸೆ: ಗೊತ್ತು. ಇವತ್ತು ನೀವು ಗಾಳಿ ನಮ್ಮದಲ್ಲ ಅಂದಾಗ ಆ ಅಜ್ಜಿಯೇ ನೆನಪಾದಳು.

ಮಾವ: ಅವಳದೂ ನನ್ನದೂ ಒಂದೇ ಕಸುಬು ಅಮ್ಮಿಣಿ. ನೂಲು ನನ್ನದಲ್ಲ, ನೇಯುತ್ತೇನೆ. ನೆಲ ಅವಳದಲ್ಲ, ಕಳೆ ಕೀಳುತ್ತಿದ್ದಳು. ಕಲ್ಲಿದ್ದಲಿನ ಕಾಲದಲ್ಲಿ ಕೂಲಿ, ಗಾಳಿಯ ಕಾಲದಲ್ಲೂ ಕೂಲಿ. ಆಗಲಿ, ಹೊಗೆಯಾದರೂ ಕಡಿಮೆಯಾಯಿತಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಕು. ಈಗ ತಿರುಪ್ಪೂರಿನವರಿಗೆ ವಿದೇಶದ ಬಯರುಗಳು ಹಸಿರು ಕರೆಂಟಿನ ಲೆಕ್ಕ ಕೇಳುತ್ತಾರಂತೆ. ಬನಿಯನ್ನಿಗೆ ಹಸಿರು ಚೀಟಿ ಅಂಟುತ್ತದೆ. ನನ್ನ ಕಾಡಾಗೆ ಯಾವ ಚೀಟಿಯೂ ಇಲ್ಲ, ಬೀಮಿನ ನಂಬರು ಬಿಟ್ಟರೆ.

ಸೊಸೆ: ಮಾವ, ಒಂದು ಕೇಳಲಾ? ನಿಮ್ಮ ತಾತನ ಕಾಲದಲ್ಲಿ ಕೈಮಗ್ಗದವರಿಗೆ ನೂಲು ಕೊಡುತ್ತಿದ್ದವರು ಯಾರು?

ಮಾವ: ಮೊದಲು ಸಾಹುಕಾರ. ಆಮೇಲೆ ಸಂಘ. ಕೋ-ಆಪ್ಟೆಕ್ಸು 1935ರದು. ಅದಕ್ಕೆ ಸೇರಿದ ನೇಕಾರರ ಸೊಸೈಟಿಗಳು ಊರೂರಲ್ಲಿ ಇದ್ದವು. ಸೊಸೈಟಿ ನೂಲು ಕೊಡುತ್ತಿತ್ತು, ಸೀರೆ ತೆಗೆದುಕೊಳ್ಳುತ್ತಿತ್ತು, ದೀಪಾವಳಿಗೆ ಬೋನಸ್ಸು. ಅಪ್ಪ ಆ ಪಾಸ್‌ಬುಕ್ಕನ್ನು ಚೌಡೇಶ್ವರಿಯ ಪಟದ ಹಿಂದೆ ಇಡುತ್ತಿದ್ದರು. ಪವರ್‌ಲೂಮು ಬಂದ ಮೇಲೆ ಒಬ್ಬೊಬ್ಬರೂ ಒಂದೊಂದು ಶೆಡ್ಡು ಹಾಕಿಕೊಂಡೆವು. ಸಂಘ ಅಂದರೆ ಈಗ ಮುಷ್ಕರದ ಸಂಘ ಒಂದೇ.

ಸೊಸೆ: ಕರೆಂಟಿನ ಕಾನೂನಿನಲ್ಲಿ ಒಂದು ಸಾಲು ಇದೆ. 2005ರ ನಿಯಮ. ಮಿಲ್ಲಿನವರ ಕಾತ್ತಾಡಿ ಅವರ ಸ್ವಂತದ್ದು ಅಂತ ಲೆಕ್ಕಕ್ಕೆ ಬರಬೇಕಾದರೆ, ಬಳಸುವವರು ಅದರಲ್ಲಿ ಕನಿಷ್ಠ ನೂರಕ್ಕೆ 26 ಪಾಲು ಹಿಡಿದಿರಬೇಕು, ಹುಟ್ಟಿದ್ದರಲ್ಲಿ 51 ಪಾಲು ಬಳಸಬೇಕು. ಸಹಕಾರ ಸಂಘವಾದರೆ ಸದಸ್ಯರೆಲ್ಲ ಒಟ್ಟು ಸೇರಿ ಆ ಲೆಕ್ಕ ತುಂಬಿದರೆ ಸಾಕು ಅಂತ ಅದೇ ನಿಯಮದಲ್ಲಿ ಬರೆದಿದೆ. ಇಷ್ಟು ವರ್ಷ ಅದು ಸುಮ್ಮನೆ ಕೂತಿದೆ.

ಮಾವ: ನಾನು ಎಲ್.ಟಿ. ಮನುಷ್ಯ, ಸಣ್ಣ ಲೈನಿನವನು. ದೂರದ ಗಾಳಿ ಎಚ್.ಟಿ. ಮೀಟರಿನ ದೊಡ್ಡ ಲೈನಿನವರಿಗೆ ತಾನೆ?

ಸೊಸೆ: ರೂಢಿ ಹಾಗಿದೆ. 2022ರ ಜೂನ್‌ನಲ್ಲಿ ಕೇಂದ್ರ ಹೊಸ ನಿಯಮ ಮಾಡಿತು. ದೂರದಿಂದ ಕರೆಂಟು ತರಿಸಿಕೊಳ್ಳಲು ಮೊದಲು 1,000 ಕಿಲೋವ್ಯಾಟು ಇದ್ದವರಿಗೆ ಮಾತ್ರ ಇದ್ದ ಬಾಗಿಲನ್ನು ಹಸಿರು ಕರೆಂಟಿಗೆ 100ಕ್ಕೆ ಇಳಿಸಿತು. ಇ.ಬಿ.ಯ ಒಂದೇ ವಿಭಾಗದೊಳಗಿನ ಹಲವು ಮೀಟರುಗಳನ್ನು ಕೂಡಿಸಿಯೂ 100 ತುಂಬಿಸಬಹುದು, ಒಬ್ಬ ಗ್ರಾಹಕರ ಹೆಸರಿನಲ್ಲಿದ್ದರೆ. ಆ ಒಬ್ಬ ಗ್ರಾಹಕ ಸೊಸೈಟಿ ಯಾಕಾಗಬಾರದು? ನಿಮ್ಮ ಮೋಟಾರು ಒಂದೊಂದು ಎಚ್.ಪಿ. ತಾನೆ?

ಮಾವ: ಒಂದೊಂದು.

ಸೊಸೆ: ಎಂಟು ಎಚ್.ಪಿ. ಅಂದರೆ ಆರು ಕಿಲೋವ್ಯಾಟು. ನೂರಕ್ಕೆ ಹದಿನೇಳು ಶೆಡ್ಡು.

ಮಾವ: ಮೀಟರಿನ ಹೆಸರು ಸೊಸೈಟಿಗೆ ಹೋದರೆ ನಮ್ಮ ಸಾವಿರ ಯೂನಿಟ್ಟು?

ಸೊಸೆ: ಅದನ್ನು ಮೊದಲೇ ಇ.ಬಿ.ಯಿಂದ ಬರಹದಲ್ಲಿ ತೆಗೆದುಕೊಳ್ಳಬೇಕು. ಕೊಡದೆ ಇರಬಹುದು. ಆಗ ಲೆಕ್ಕ ಬೇರೆ.

ಮಾವ: ಸಾಲ ನಿನ್ನ ಕಂಪನಿ ಕೊಡುತ್ತದೆಯೇ?

ಸೊಸೆ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನಮ್ಮಲ್ಲಿ ಐದು ಕೋಟಿಗಿಂತ ಕಡಿಮೆಯ ಫೈಲನ್ನು ಯಾರೂ ಬಿಚ್ಚುವುದಿಲ್ಲ ಮಾವ. ದೊಡ್ಡದಕ್ಕೂ ಚಿಕ್ಕದಕ್ಕೂ ಓದುವ ಕಾಗದ ಅಷ್ಟೇ, ಬರುವ ಬಡ್ಡಿ ಮಾತ್ರ ಕಡಿಮೆ. ಆದರೆ ಹಳೆಯ ಕಾತ್ತಾಡಿ ಇವೆ. ತೊಂಬತ್ತರ ದಶಕದ 250 ಕಿಲೋವ್ಯಾಟಿನವು. ಅವುಗಳ ಜಾಗದಲ್ಲಿ ಎರಡು ಮೂರು ಮೆಗಾವ್ಯಾಟಿನವನ್ನು ನಿಲ್ಲಿಸಲು ರಾಜ್ಯ 2024ರಲ್ಲಿ ನೀತಿ ತಂದಿದೆ. ಮಿಲ್ಲಿನವರು ಹಳೆಯದನ್ನು ಕಳಚುತ್ತಾರೆ. ಅಂಥದ್ದರಲ್ಲಿ ಒಂದು ಪಾಲು ಸಿಗುತ್ತದೆಯೇ ಅಂತ ಕೇಳಬಹುದು. ನಾನು ಕಾಗದ ಓದಿಕೊಡುತ್ತೇನೆ, ನನ್ನ ಕೈಲಾಗುವುದು ಅಷ್ಟೇ.

ಮಾವ: ಮಿಲ್ಲಿನವನ ಹಳೆಯ ಪಂಚೆ ನಮಗೆ.

ಸೊಸೆ: ಬೇಡವಾದರೆ ಬೇಡ.

ಮಾವ: ಬೇಡ ಅಂದೆನೇ? ಆ ಬಿಲ್ಲು ಕೊಡು, ಹಿಂದೆ ಬರೆಯೋಣ. ನಮ್ಮದು ಒಂದು. ಪಕ್ಕದ ತಮ್ಮನದು ಎರಡು. ನೀರಿನ ಟ್ಯಾಂಕಿನ ಹತ್ತಿರ ಅಣ್ಣತಮ್ಮಂದಿರದು, ಮೂರು, ನಾಲ್ಕು. ಚೌಡೇಶ್ವರಿ ಗುಡಿ ಬೀದಿಯಲ್ಲಿ ಮೂವರು ಬರುತ್ತಾರೆ, ಏಳು. ರೈಲ್ವೆ ಗೇಟಿನ ಕಡೆ ಗೌಂಡರದು ಒಂದು, ಎಂಟು. ಆ ವಿಧವೆ ಹೆಣ್ಣುಮಗಳು ಒಂದು ಶೆಡ್ಡು ನಡೆಸುತ್ತಾಳಲ್ಲ, ಲೆಕ್ಕದಲ್ಲಿ ಅವಳೇ ಎಲ್ಲರಿಗಿಂತ ಗಟ್ಟಿ, ಒಂಬತ್ತು. ಕರುಮತ್ತಂಪಟ್ಟಿ ರಸ್ತೆಯಲ್ಲಿ ಇಬ್ಬರು, ಹನ್ನೊಂದು.

ಸೊಸೆ: ಹನ್ನೆರಡು?

ಮಾವ: ಅವನ ಜೊತೆ ಮಾತಿಲ್ಲ.

ಸೊಸೆ: ಯಾಕೆ?

ಮಾವ: ನಾವೆಲ್ಲ ಮುಷ್ಕರಕ್ಕೆ ಕೂತಿದ್ದಾಗ ರಾತ್ರಿ ಬಾಗಿಲು ಹಾಕಿಕೊಂಡು ಮಗ್ಗ ಓಡಿಸಿದ. ಬೀದಿಗೆಲ್ಲ ಕೇಳುತ್ತಿತ್ತು. ಮಗಳ ಮದುವೆ ಇತ್ತು ಅಂದ ಆಮೇಲೆ. ನಾನು ಮದುವೆಗೂ ಹೋಗಲಿಲ್ಲ.

ಸೊಸೆ: ಅವರದು ಎಷ್ಟು ಮಗ್ಗ?

ಮಾವ: ಹದಿನಾರು.

ಸೊಸೆ: ಹಾಗಾದರೆ ಅವರು ಒಬ್ಬರೇ ಎರಡು ಶೆಡ್ಡಿನ ಲೆಕ್ಕ. ಹನ್ನೆರಡು, ಹದಿಮೂರು.

ಮಾವ: ಬರೆದುಕೋ. ಮಾತು ನೀನು ಆಡು. ನಾಲ್ಕಕ್ಕೆ ಮೊದಲೇ ಹೋಗು, ಕರೆಂಟು ಬಂದರೆ ಅವನಿಗೆ ಕೇಳಿಸುವುದಿಲ್ಲ.